ಬಡ್ಡಿ ಹುಟ್ಟುವುದೆಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಚೀಟಿ ಇದೆ, ಅಡಿಕೆ ಇದೆ, ಮನೆ ಸಾಲ ಇದೆ, ಪಿಗ್ಮಿ ಇದೆ. ಬಿಡಿಸಿ ನೋಡಿದರೆ ಎಲ್ಲರೂ ಕೇಳಿರುವುದು ಒಂದೇ: ಇವತ್ತಿನ ರೂಪಾಯಿಗೂ ಬರುವ ವರ್ಷದ ರೂಪಾಯಿಗೂ ಅಂತರ ಎಷ್ಟು, ಆ ಅಂತರ ಗೊತ್ತುಮಾಡುವವರು ಯಾರು. ಹಾಗಾಗಿ ಸಿದ್ಧಾಂತದ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬಡ್ಡಿ ಹುಟ್ಟುವುದು ಜನರ ‘ಟೈಮ್ ಪ್ರಿಫರೆನ್ಸ್’ನಿಂದ ಎಂದು ಕಾಲೇಜಿನಲ್ಲಿ ಓದುತ್ತೇವೆ. ಟಿವಿ ಹಾಕಿದರೆ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿತು, ಏರಿಸಿತು ಎನ್ನುತ್ತಾರೆ. ಯಾವುದು ಸರಿ?
— ಬಿ.ಕಾಂ. ವಿದ್ಯಾರ್ಥಿನಿ, ಉಡುಪಿ

ಉತ್ತರ: ಎರಡೂ ಸರಿ, ಆದರೆ ಅವು ಬೇರೆ ಬೇರೆ ಬಡ್ಡಿಯ ಮಾತು. ಟೈಮ್ ಪ್ರಿಫರೆನ್ಸ್ ಅನ್ನು ಕಾಲದ ಆದ್ಯತೆ ಎನ್ನೋಣ. ಮುಂದೆಂದೋ ಸಿಗುವುದಕ್ಕಿಂತ ಈಗಲೇ ಸಿಗುವುದು ಹೆಚ್ಚು ಎನಿಸುವುದೇ ಅದು. ಇವತ್ತಿನ 100 ರೂಪಾಯಿ ಬಿಟ್ಟುಕೊಡಲು ಒಬ್ಬನಿಗೆ ಬರುವ ವರ್ಷ 108 ಸಿಕ್ಕರೆ ಸಾಕು, ಇನ್ನೊಬ್ಬನಿಗೆ 130 ಬೇಕು. ಮೊದಲಿನವನ ಕಾಲದ ಆದ್ಯತೆ ಶೇ. 8, ಎರಡನೆಯವನದ್ದು ಶೇ. 30.

ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್-ಬಾವರ್ಕ್ 1889ರಲ್ಲಿ ಇದಕ್ಕೆ ಮೂರು ಕಾರಣ ಕೊಟ್ಟ. ಮುಂದೆ ಕೈ ಸ್ವಲ್ಪ ಸಡಿಲವಾದೀತು ಎಂಬ ನಿರೀಕ್ಷೆ ಒಂದು. ದೂರದ್ದನ್ನು ಸಣ್ಣದಾಗಿ ಕಾಣುವ ಮನಸ್ಸಿನ ದೌರ್ಬಲ್ಯ ಇನ್ನೊಂದು. ಈಗ ಕೈಯಲ್ಲಿರುವುದನ್ನು ನಿಧಾನವಾದರೂ ಹೆಚ್ಚು ಫಲ ಕೊಡುವ ಕೆಲಸಕ್ಕೆ ಹಾಕಬಹುದು ಎಂಬುದು ಮೂರನೆಯದು. ಈ ಮೂರನೆಯದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಹೋಗುತ್ತದೆ. ಅಲ್ಲಿಯತನಕ ಮನೆ ಖರ್ಚಿಗೆ, ಗೊಬ್ಬರಕ್ಕೆ, ಪಂಪಿನ ಕರೆಂಟಿಗೆ ಬೇರೆ ಎಲ್ಲಿಂದಲೋ ದುಡ್ಡು ಬರಬೇಕು. ಯಾರೋ ಉಣ್ಣದೆ ಉಳಿಸಿದ್ದೇ ಆ ದುಡ್ಡು, ಅದರ ಬೆಲೆಯೇ ಬಡ್ಡಿ. ಅಮೆರಿಕದ ಇರ್ವಿಂಗ್ ಫಿಶರ್ 1930ರಲ್ಲಿ ಇದನ್ನು ಇನ್ನಷ್ಟು ಚೊಕ್ಕಮಾಡಿದ: ಒಂದು ಕಡೆ ಖರ್ಚು ಮಾಡುವ ತವಕ, ಇನ್ನೊಂದು ಕಡೆ ಹೂಡುವ ಅವಕಾಶ, ಎರಡೂ ಸರಿತೂಗುವಲ್ಲಿ ಬಡ್ಡಿ ನಿಲ್ಲುತ್ತದೆ.

ರಿಸರ್ವ್ ಬ್ಯಾಂಕ್ ಗೊತ್ತುಮಾಡುವುದು ರೆಪೊ ದರವನ್ನು. ಬ್ಯಾಂಕುಗಳು ಸರಕಾರಿ ಸಾಲಪತ್ರ ಒತ್ತೆ ಇಟ್ಟು ಅಲ್ಪಾವಧಿಗೆ ತರುವ ಹಣದ ಬೆಲೆ ಅದು. ಹತ್ತು ವರ್ಷದ ಸಾಲಪತ್ರದ ಬಡ್ಡಿ ಮಾರುಕಟ್ಟೆಯಲ್ಲಿ ಹುಟ್ಟುತ್ತದೆ. ರೆಪೊ ಅದನ್ನು ತನ್ನ ಕಡೆ ಜಗ್ಗಬಹುದು, ಕಟ್ಟಿಹಾಕಲಾರದು. ಸ್ವೀಡನ್ನಿನ ವಿಕ್ಸೆಲ್ 1898ರಲ್ಲೇ ಈ ಎರಡನ್ನೂ ಬೇರ್ಪಡಿಸಿ, ಉಳಿತಾಯ ಮತ್ತು ಹೂಡಿಕೆ ಸರಿತೂಗುವ ದರವನ್ನು ‘ಸಹಜ ಬಡ್ಡಿ’ ಎಂದ. ಬ್ಯಾಂಕಿನ ಬಡ್ಡಿ ಅದಕ್ಕಿಂತ ಕೆಳಗಿದ್ದರೆ ಬೆಲೆ ಏರುತ್ತದೆ, ಮೇಲಿದ್ದರೆ ಇಳಿಯುತ್ತದೆ. ಆಸ್ಟ್ರಿಯಾದವರೇ ಆದ ಮೀಸಸ್, ಹಾಯೆಕ್ ಮತ್ತೂ ಮುಂದೆ ಹೋದರು. ಅವರ ಪ್ರಕಾರ ಬಡ್ಡಿಯನ್ನು ಬಲವಂತವಾಗಿ ಇಳಿಸಿದರೆ ಜನ ಹೆಚ್ಚು ಉಳಿಸಿದ್ದಾರೆ ಎಂಬ ಸುಳ್ಳು ಸುದ್ದಿ ಹೂಡುವವನ ಕಿವಿಗೆ ಬೀಳುತ್ತದೆ. ಅವನು ಹತ್ತು ಮಾಳಿಗೆಗೆ ಪಾಯ ತೋಡುತ್ತಾನೆ, ಆರನೆಯದರಲ್ಲಿ ಸಿಮೆಂಟಿಗೂ ದುಡ್ಡಿಗೂ ತತ್ವಾರ. ಮಾತಿನಲ್ಲಿ ಹುರುಳಿದೆ. ತೊಡಕೆಂದರೆ, ಸಹಜ ಬಡ್ಡಿ ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ, ಅಂದಾಜಿನಲ್ಲೇ ಹಿಡಿಯಬೇಕು. ಪರೀಕ್ಷೆಗೆ ಬರೆಯುವಾಗ ಇಂಗ್ಲೆಂಡಿನ ಕೇನ್ಸ್‌ನನ್ನೂ ಬಿಡಬೇಡಿ. ಬಡ್ಡಿ ಎಂದರೆ ಕಾಯುವುದರ ಕೂಲಿಯಲ್ಲ, ಕೈಯಲ್ಲಿನ ನಗದನ್ನು ಬಿಟ್ಟುಕೊಡುವುದರ ಕೂಲಿ ಎಂದು ಆತ 1936ರಲ್ಲಿ ವಾದಿಸಿದ.

ಪ್ರಶ್ನೆ: 20 ಜನರ, 20 ತಿಂಗಳ, ಒಂದು ಲಕ್ಷದ ಚೀಟಿಯನ್ನು ನಾಲ್ಕನೇ ತಿಂಗಳಲ್ಲಿ 25,000 ಬಿಟ್ಟು ಕೂಗಿ 75,000ಕ್ಕೆ ಎತ್ತಿದ್ದೇನೆ. ಮೊದಲ ಮೂರು ಕಂತು 3,900ರಂತೆ, ನಾಲ್ಕನೆಯದು 4,000 ಕಟ್ಟಿದ್ದೆ. ಉಳಿದ 16 ಕಂತು ಸರಾಸರಿ 4,500 ಬೀಳಬಹುದು ಎಂದಿದ್ದಾರೆ. ‘ಬಡ್ಡಿ ಶೇ. 13 ಅಷ್ಟೇ’ ಎನ್ನುತ್ತಾರೆ ನಮ್ಮವರು. ಹೌದಾ?
— ಗೃಹಿಣಿ, ಸುರತ್ಕಲ್

ಉತ್ತರ: ಅಲ್ಲ, ಅದರ ಎರಡು ಪಟ್ಟಿಗೂ ಮೇಲೆ. ನಿಮ್ಮವರು ಲೆಕ್ಕ ಹಾಕಿದ್ದು ಹೀಗಿರಬೇಕು: ನಾಲ್ಕನೇ ತಿಂಗಳ ಕಂತು ಕಳೆದು ಕೈಗೆ ಬಂದದ್ದು 71,000. ಅದು ಬಿಟ್ಟು ಒಟ್ಟು ಕಟ್ಟುವುದು 11,700 ಮತ್ತು 72,000, ಅಂದರೆ 83,700. ಹೆಚ್ಚು ಕಟ್ಟಿದ್ದು 12,700. ಅದನ್ನು 71,000ದಿಂದ ಭಾಗಿಸಿದರೆ ಸುಮಾರು ಶೇ. 18, 16 ತಿಂಗಳಿಗೆ ಇಷ್ಟಾದರೆ ವರ್ಷಕ್ಕೆ ಶೇ. 13.

ತಪ್ಪು ಎರಡು ಕಡೆ ಇದೆ. 71,000 ಪೂರ್ತಿ ಸಾಲವಲ್ಲ, ಅದರಲ್ಲಿ ನೀವೇ ಮೊದಲು ಹಾಕಿದ 11,700 ಸೇರಿದೆ. ಇನ್ನೊಂದು, ಆ ಹಣ 16 ತಿಂಗಳೂ ನಿಮ್ಮ ಕೈಯಲ್ಲಿ ಇರುವುದಿಲ್ಲ, ಪ್ರತಿ ತಿಂಗಳು 4,500ರಂತೆ ವಾಪಸ್ ಹೋಗುತ್ತಿರುತ್ತದೆ.

ಸರಿಯಾದ ಲೆಕ್ಕಕ್ಕೆ ಮೊಬೈಲಿನ ಸ್ಪ್ರೆಡ್‌ಶೀಟ್ ಸಾಕು. ಒಂದೇ ಕಂಬ ಸಾಲಿನಲ್ಲಿ ತಿಂಗಳಿಗೊಂದರಂತೆ 20 ಅಂಕಿ ಬರೆಯಿರಿ: ಮೊದಲ ಮೂರಕ್ಕೆ ಮೈನಸ್ 3,900, ನಾಲ್ಕನೆಯದಕ್ಕೆ ಪ್ಲಸ್ 71,000, ಉಳಿದ ಹದಿನಾರಕ್ಕೆ ಮೈನಸ್ 4,500. ಕೆಳಗೆ ಐಆರ್‌ಆರ್ (ಹಣ ಬಂದು ಹೋಗುವ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದು ಬಡ್ಡಿ ದರ ಹೇಳುವ) ಸೂತ್ರ ಹಾಕಿ. ಬರುವುದು ತಿಂಗಳ ದರ, ಸುಮಾರು ಶೇ. 2.5. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಶೇ. 30, ಚಕ್ರಬಡ್ಡಿಯಾಗಿ ನೋಡಿದರೆ ಶೇ. 34ರ ಮೇಲೆ. ಮನೆಯಲ್ಲಿ ಚಿನ್ನ ಇದ್ದೂ ಈ ದರಕ್ಕೆ ಚೀಟಿ ಎತ್ತಿದ್ದರೆ ಅದು ಕೈಯಾರೆ ಮಾಡಿಕೊಂಡ ನಷ್ಟ. ಬ್ಯಾಂಕಿನ ಚಿನ್ನದ ಸಾಲ ಇದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ.

ಈಗ ಇದೇ ಚೀಟಿಯನ್ನು ಕೊನೆಗೆ ಎತ್ತುವವರನ್ನು ನೋಡಿ. ಅವರು ನಾಲ್ಕನೇ ಕಂತೂ ಸೇರಿ ಒಟ್ಟು 87,700 ಕಟ್ಟಿ, ಫೋರ್‌ಮನ್ (ಚೀಟಿ ನಡೆಸುವವರ) ಕಮಿಷನ್ 5,000 ಕಳೆದು 95,000 ಒಯ್ಯುತ್ತಾರೆ. ಅವರ ಹಣ ಸರಾಸರಿ ಒಂಬತ್ತು ತಿಂಗಳು ಕಾದಿದೆ, ಹುಟ್ಟಿದ್ದು 7,300, ವರ್ಷಕ್ಕೆ ಶೇ. 11ರ ಆಸುಪಾಸು. ಹಜಾರದಲ್ಲಿ ಒಟ್ಟಿಗೆ ಕೂತು ಕೂಗುವ ಇಪ್ಪತ್ತು ಜನರಲ್ಲಿ ಒಬ್ಬರ ತವಕ ಶೇ. 30, ಇನ್ನೊಬ್ಬರ ತಾಳ್ಮೆ ಶೇ. 11. ಮೇಲಿನ ವಿದ್ಯಾರ್ಥಿನಿಗೆ ಕಾಲದ ಆದ್ಯತೆಯನ್ನು ಕಣ್ಣಾರೆ ನೋಡಬೇಕಿದ್ದರೆ ಚೀಟಿ ಕೂಗುವ ಸಂಜೆ ಒಮ್ಮೆ ಹೋಗಿ ಕೂರಬಹುದು. ರೆಪೊ ಕಾಲು ಶೇಕಡ ಇಳಿದರೆ ಆ ಕೂಗಿನಲ್ಲಿ ನಯಾಪೈಸೆಯ ವ್ಯತ್ಯಾಸವಾಗುವುದಿಲ್ಲ.

ಒಂದು ಮಾತು: ಫೋರ್‌ಮನ್ ಕಮಿಷನ್‌ನ ಕಾನೂನುಮಿತಿ 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಶೇ. 5 ಇತ್ತು, 2019ರ ತಿದ್ದುಪಡಿಯಲ್ಲಿ ಶೇ. 7 ಆಯಿತು. ನೋಂದಣಿ ಆಗದ ಚೀಟಿಯಲ್ಲಿ ಕೊನೆಯವರಿಗೆ ಬರುವ ಶೇ. 11, ಬಡ್ಡಿಯೂ ಹೌದು, ಹಣ ಮುಳುಗಬಹುದಾದ ಅಪಾಯದ ಬೆಲೆಯೂ ಹೌದು.

ಪ್ರಶ್ನೆ: ಹತ್ತು ಕ್ವಿಂಟಾಲ್ ಚಾಲಿ ಅಡಿಕೆ ಅಟ್ಟದಲ್ಲಿ ಉಂಟು. ಈಗ ಹೊಸತಕ್ಕೆ ಕಿಲೋಗೆ 400 ಹೇಳಿದ್ದಾರೆ. ಹಳೆ ಅಡಿಕೆಯಾಗುವ ತನಕ ಹತ್ತು ತಿಂಗಳು ಇಟ್ಟರೆ ಲಾಭವಾ? ಖರ್ಚಿಗೆ ಶೇ. 9.5ರ ಚಿನ್ನದ ಸಾಲ ಮಾಡಬೇಕಾದೀತು.
— ಕೃಷಿಕರು, ವಿಟ್ಲ

ಉತ್ತರ: ಬೆಲೆ ಎಲ್ಲಿಗೆ ಹೋದೀತು ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಎಲ್ಲಿಗೆ ಹೋದರೆ ನಿಮಗೆ ಅಸಲಾಗುತ್ತದೆ ಎಂದು ಹೇಳಬಹುದು. ಇವತ್ತು ಮಾರಿದರೆ 4 ಲಕ್ಷ. ಅಷ್ಟೇ ಸಾಲಕ್ಕೆ ಹತ್ತು ತಿಂಗಳ ಬಡ್ಡಿ 31,667. ಗೋಣಿ, ಮಗುಚುವ ಕೂಲಿ, ಆಯುವ ಕೂಲಿ ಎಂದು ಕಿಲೋಗೆ 4 ರೂಪಾಯಿ ಹಿಡಿದರೆ 4,000. ತೂಕದಲ್ಲಿ ಶೇ. 2 ಹೋಯಿತು ಎಂದುಕೊಳ್ಳಿ, ಉಳಿದದ್ದು 980 ಕಿಲೋ. ಹಾಗಾದರೆ 4,35,667 ಭಾಗಿಸು 980, ಕಿಲೋಗೆ 445 ರೂಪಾಯಿ ಬಂದರೆ ಕೈಗೆ ಸರಿಗೆ ಸರಿ. ಅದರ ಮೇಲಿನದ್ದು ಮಾತ್ರ ಲಾಭ.

ನಿಮ್ಮ ನೆರೆಯವರಿಗೆ ಸಾಲ ಬೇಡ, ಬ್ಯಾಂಕಿನಲ್ಲಿ ಶೇ. 6.5ರ ಠೇವಣಿ ಇದೆ ಎಂದಿಟ್ಟುಕೊಳ್ಳಿ. ಅವರು ಬಿಟ್ಟುಕೊಡುವ ಬಡ್ಡಿ 21,667 ಮಾತ್ರ. ಅವರಿಗೆ 434ಕ್ಕೇ ಅಸಲಾಯಿತು. ಒಂದೇ ಅಡಿಕೆ, ಒಂದೇ ಮಾರುಕಟ್ಟೆ, ಆದರೂ 440ಕ್ಕೆ ಅವರು ನಗುತ್ತಾರೆ, ನಿಮಗೆ ನಷ್ಟ. ಲೆಕ್ಕಕ್ಕೆ ಹಿಡಿಯಬೇಕಾದ ದರ ಪೇಪರಿನಲ್ಲಿ ಬರುವ ರೆಪೊ ಅಲ್ಲ, ನಿಮ್ಮ ತಲೆಯ ಮೇಲಿರುವ ಅತಿ ದುಬಾರಿ ಸಾಲದ ಬಡ್ಡಿ. ನಡುದಾರಿ ಇದೆ: ಸಾಲ ಬೇಕಾಗುವಷ್ಟನ್ನು ಈಗ ಮಾರಿ, ಉಳಿದದ್ದನ್ನು ಇಡಿ. ಇಡುವುದನ್ನು ಸುಲಿಯದೆ ಇಡಿ. ಮಳೆಗಾಲದಲ್ಲಿ ಅಟ್ಟಕ್ಕೆ ತೇವ ಏರಿ ಮುಗ್ಗು ಬಂದರೆ, ಹುಳ ಹಿಡಿದರೆ ದರ್ಜೆಯೇ ಇಳಿಯುತ್ತದೆ. ಆಗ ಮೇಲಿನ ಶೇ. 2ರ ಲೆಕ್ಕವೆಲ್ಲ ತಲೆಕೆಳಗು.

ಪ್ರಶ್ನೆ: 30 ಲಕ್ಷದ ಮನೆ ಸಾಲ, 20 ವರ್ಷ. ಬಡ್ಡಿ ಶೇ. 8.5 ಇದ್ದದ್ದು 7.5 ಆಗಿದೆ. ಇಎಂಐ ಇಳಿಸಬೇಕೋ, ಅವಧಿ ಇಳಿಸಬೇಕೋ ಎಂದು ಬ್ಯಾಂಕಿನವರು ಕೇಳುತ್ತಿದ್ದಾರೆ. ಅಣ್ಣನ 2017ರ ಸಾಲಕ್ಕೆ ಮಾತ್ರ ಇಷ್ಟು ಇಳಿದೇ ಇಲ್ಲ, ಯಾಕೆ?
— ಶಾಲಾ ಶಿಕ್ಷಕರು, ಮಂಗಳೂರು

ಉತ್ತರ: ಅಣ್ಣನದ್ದು ಮೊದಲು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಮನೆ ಸಾಲ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆಯಾಗಬೇಕು. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ 6.50ಯಿಂದ 5.50ಕ್ಕೆ ಇಳಿದಾಗ ಇಂಥ ಸಾಲಗಳು ಬೇಗ ಇಳಿದವು. ಹಳೆಯ ಸಾಲಗಳು ಬ್ಯಾಂಕಿನ ಸ್ವಂತ ವೆಚ್ಚಕ್ಕೆ ಜೋಡಣೆಯಾಗಿವೆ. ಬ್ಯಾಂಕು ಹಿಂದೆ ಹೆಚ್ಚು ಬಡ್ಡಿಗೆ ತಂದ ಠೇವಣಿಗಳು ಮುಗಿಯದೆ ಆ ವೆಚ್ಚ ಇಳಿಯದು. ಶಾಖೆಗೆ ಹೋಗಿ ರೆಪೊ ಜೋಡಣೆಗೆ ಬದಲಾಯಿಸಲು ಬರೆದುಕೊಡಲಿ. ಶುಲ್ಕ ಎಷ್ಟು, ರೆಪೊ ಮೇಲೆ ಸೇರಿಸುವ ಅಂತರ ಎಷ್ಟು ಎಂದು ಮೊದಲು ಕೇಳಲಿ.

ಇನ್ನು ನಿಮ್ಮದು. 8.5ಕ್ಕೆ ಇಎಂಐ 26,035, 7.5ಕ್ಕೆ 24,168. ತಿಂಗಳಿಗೆ 1,867 ಉಳಿಯುತ್ತದೆ. ಹಳೆಯ ಇಎಂಐಯನ್ನೇ ಕಟ್ಟಿದರೆ ಸಾಲ 240ರ ಬದಲು ಸುಮಾರು 204 ತಿಂಗಳಿಗೆ ತೀರುತ್ತದೆ. ಒಟ್ಟು ಕಟ್ಟುವ ಮೊತ್ತದಲ್ಲಿ ಮೊದಲ ದಾರಿಯಲ್ಲಿ 4.48 ಲಕ್ಷ, ಎರಡನೆಯದರಲ್ಲಿ 9.27 ಲಕ್ಷ ಕಡಿಮೆ.

ಹಾಗಾದರೆ ಅವಧಿ ಇಳಿಸುವುದೇ ಲಾಭ ಎಂದು ಎಲ್ಲರೂ ಬರೆಯುತ್ತಾರೆ. ಲೆಕ್ಕ ಅಷ್ಟು ಸಲೀಸಲ್ಲ. ಆ ಹೆಚ್ಚಿನ 4.8 ಲಕ್ಷ ಪುಕ್ಕಟೆ ಬಂದದ್ದಲ್ಲ, ತಿಂಗಳು ತಿಂಗಳು ನೀವು ಬಿಟ್ಟುಕೊಟ್ಟ 1,867ಕ್ಕೆ ಸಿಕ್ಕ ಶೇ. 7.5ರ ಪ್ರತಿಫಲ. ಇವತ್ತಿನ ರೂಪಾಯಿಯನ್ನೂ ಹದಿನೆಂಟನೇ ವರ್ಷದ ರೂಪಾಯಿಯನ್ನೂ ಒಂದೇ ಎಂದು ಕೂಡಿದ್ದರಿಂದ ಅದು ದೊಡ್ಡದಾಗಿ ಕಾಣುತ್ತದೆ. ಆದರೂ ಶೇ. 20ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ ತೆರಿಗೆ ಕಳೆದ ಮೇಲೆ 7.5 ಉಳಿಯಬೇಕಾದರೆ ಠೇವಣಿಗೆ 9.47 ಬಡ್ಡಿ ಸಿಗಬೇಕು. ಅದು ಸಿಗದು, ಹಾಗಾಗಿ ಹಳೆಯ ಇಎಂಐ ಮುಂದುವರಿಸಿ. ಕ್ರೆಡಿಟ್ ಕಾರ್ಡ್ ಬಾಕಿಯೋ ಮೇಲಿನಂಥ ಚೀಟಿಯೋ ಇದ್ದರೆ ಮಾತ್ರ ಇಎಂಐ ಇಳಿಸಿ, ಉಳಿದದ್ದನ್ನು ಅಲ್ಲಿಗೆ ಹಾಕಿ.

ಪ್ರಶ್ನೆ: ಎಫ್‌ಡಿಯ ಬಡ್ಡಿಯಲ್ಲಿ ಬದುಕುವವರಿಗೆ ರೆಪೊ ಇಳಿಸುವುದು ಶಿಕ್ಷೆ ಅಲ್ಲವೇ?
— ನಿವೃತ್ತರು, ಕುಂದಾಪುರ

ಉತ್ತರ: ಬಡ್ಡಿಗಿಂತ ಹಣದುಬ್ಬರ ಕಳೆದ ಬಡ್ಡಿಯನ್ನು ನೋಡಿ. 2020ರ ಮೇಯಲ್ಲಿ ರೆಪೊ ಶೇ. 4 ಆಗಿ ಎರಡು ವರ್ಷ ಅಲ್ಲೇ ನಿಂತಿತು. 2020-21ರ ಸರಾಸರಿ ಚಿಲ್ಲರೆ ಹಣದುಬ್ಬರ ಶೇ. 6.2. ದೊಡ್ಡ ಬ್ಯಾಂಕುಗಳು ಒಂದು ವರ್ಷದ ಠೇವಣಿಗೆ ಕೊಟ್ಟದ್ದು ಶೇ. 5ರ ಆಸುಪಾಸು. ತಾಳ್ಮೆಯಿಂದ ಕಾದವರೇ ಕಾದದ್ದಕ್ಕೆ ದಂಡ ತೆತ್ತ ಕಾಲ ಅದು. ಆಗಿನ ದೂರು ನ್ಯಾಯವಾದದ್ದೇ. ಶೇ. 6.5 ಬಡ್ಡಿ, ಶೇ. 20ರ ತೆರಿಗೆ ಹಂತ, ಶೇ. 4 ಹಣದುಬ್ಬರ ಎಂದಾದರೆ ತೆರಿಗೆ, ಸೆಸ್ ಕಳೆದು ಉಳಿಯುವ 5.15ರಲ್ಲಿ ನಿಜವಾದ ಗಳಿಕೆ ಶೇ. 1.1.

60 ದಾಟಿದವರು ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ ಬಿಡಬಾರದು. ಮಿತಿ 30 ಲಕ್ಷ, ಅವಧಿ ಐದು ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ. 2023ರ ಏಪ್ರಿಲ್‌ನಲ್ಲಿ ದರ ಶೇ. 8.2 ಆಯಿತು; ಸರಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಇಡುವ ದಿನದ ದರ ಕೇಳಿಕೊಳ್ಳಿ, ಇಟ್ಟ ಮೇಲೆ ಅದು ಐದು ವರ್ಷ ಬದಲಾಗದು. ವರ್ಷದೊಳಗೆ ತೆಗೆದರೆ ಬಡ್ಡಿಯೇ ಇಲ್ಲ. ಎರಡು ವರ್ಷದೊಳಗೆ ಅಸಲಿನ ಶೇ. 1.5, ಆಮೇಲೆ ಶೇ. 1 ಕಡಿತ.

ಪ್ರಶ್ನೆ: ಅಂಗಡಿಯಿಂದ ದಿನಕ್ಕೆ 100 ರೂಪಾಯಿ ಪಿಗ್ಮಿ ಕಟ್ಟುತ್ತೇನೆ, ಬಡ್ಡಿ ಶೇ. 3. ಆರ್‌ಡಿಗೆ ಶೇ. 6.5 ಉಂಟು, ಪಿಗ್ಮಿ ದಡ್ಡತನ ಎನ್ನುತ್ತಾನೆ ಮಗ.
— ವ್ಯಾಪಾರಿ, ಕಾರ್ಕಳ

ಉತ್ತರ: ಮಗನ ಗಣಿತ ಸರಿ. ವರ್ಷಕ್ಕೆ 36,500 ಕಟ್ಟಿದರೆ ಪಿಗ್ಮಿಯಲ್ಲಿ ಬಡ್ಡಿ ಸುಮಾರು 548, ಅಷ್ಟೇ ಹಣ ಆರ್‌ಡಿಯಲ್ಲಿ ಸುಮಾರು 1,285. ವ್ಯತ್ಯಾಸ 737, ದಿನಕ್ಕೆ ಎರಡು ರೂಪಾಯಿ. ಏಜೆಂಟರು ದಿನಾ ಅಂಗಡಿ ಬಾಗಿಲಿಗೆ ಬರುವುದಕ್ಕೆ ನೀವು ಕೊಡುವ ಬೆಲೆ ಅದು. ಅವರು ಬಾರದಿದ್ದರೆ ಆ 100 ರೂಪಾಯಿ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುತ್ತಿತ್ತೇ? ಉಳಿಯುತ್ತದೆ ಎಂದಾದರೆ ಮಗನ ಮಾತು ಕೇಳಿ. ಇಲ್ಲವಾದರೆ ಎರಡು ರೂಪಾಯಿ ಅಗ್ಗ.

ಅರ್ಥಶಾಸ್ತ್ರಜ್ಞರು ಇದಕ್ಕೆ ತಡವಾಗಿ ಬಂದರು. ಇವತ್ತಿನ 1,000ವೋ ಮುಂದಿನ ವಾರದ 1,100ವೋ ಎಂದರೆ ಹಲವರು ಇವತ್ತಿನದ್ದು ಕೊಡಿ ಎನ್ನುತ್ತಾರೆ. 52 ವಾರದ ಬಳಿಕ 1,000ವೋ 53 ವಾರದ ಬಳಿಕ 1,100ವೋ ಎಂದರೆ ಅವರೇ 1,100 ಆರಿಸುತ್ತಾರೆ. ಎರಡರಲ್ಲೂ ಕಾಯುವುದು ಒಂದೇ ವಾರ. ತವಕ ಎಲ್ಲ ಕಾಲಕ್ಕೂ ಒಂದೇ ದರದಲ್ಲಿರುವುದಿಲ್ಲ, ಹತ್ತಿರ ಬಂದಷ್ಟೂ ಚುರುಕಾಗುತ್ತದೆ. ಅಮೆರಿಕದ ಡೇವಿಡ್ ಲೇಬ್ಸನ್ 1997ರಲ್ಲಿ ಇದಕ್ಕೆ ಸೂತ್ರ ಕೊಟ್ಟು, ಜನ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವ ಉಳಿತಾಯವನ್ನು ವಿವರಿಸಿದ. ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿದ್ದು 1928ರಲ್ಲಿ.

ಎಚ್ಚರ ಬೇಕಾದದ್ದು ಬೇರೆ ಕಡೆ. ದಿನದ ರಸೀದಿಯೋ ಮೆಸೇಜೋ ಬಾರದೆ ಹಣ ಕೊಡಬೇಡಿ, ತಿಂಗಳಿಗೊಮ್ಮೆ ಶಾಖೆಯಲ್ಲೇ ಬಾಕಿ ನೋಡಿ. ಬ್ಯಾಂಕಾದರೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘದ ಪಿಗ್ಮಿಗೆ ಅದಿಲ್ಲ.

ಪ್ರಶ್ನೆ: ಸರಕಾರಕ್ಕೂ ಕಾಲದ ಆದ್ಯತೆ ಎಂಬುದು ಇದೆಯೇ?
— ಉಪನ್ಯಾಸಕರು, ಮೂಡುಬಿದಿರೆ

ಉತ್ತರ: ಇದೆ, ಚುನಾವಣೆ ಹತ್ತಿರ ಬಂದಷ್ಟೂ ಏರುತ್ತದೆ. ಮುಂದೆ ಬೆಲೆ ಹತೋಟಿಯಲ್ಲಿಡುತ್ತೇವೆ ಎಂದು ಇವತ್ತು ಹೇಳಿದವರಿಗೇ, ನಾಳೆ ಬಂದಾಗ ಸ್ವಲ್ಪ ಹಣ ಹರಿಸಿ ವ್ಯಾಪಾರ ಕುದುರಿಸುವ ಆಸೆ ಹುಟ್ಟುತ್ತದೆ. ಅದು ಜನರಿಗೂ ಗೊತ್ತಿರುವುದರಿಂದ ಮಾತನ್ನು ಯಾರೂ ನಂಬುವುದಿಲ್ಲ. ಕುದುರುವ ವ್ಯಾಪಾರವೂ ಇಲ್ಲ, ಬೆಲೆ ಮಾತ್ರ ಏರುತ್ತದೆ. ಅರ್ಥಶಾಸ್ತ್ರಜ್ಞರಾದ ಕಿಡ್ಲೆಂಡ್ ಮತ್ತು ಪ್ರೆಸ್ಕಾಟ್ 1977ರಲ್ಲಿ ತೋರಿಸಿದ್ದು ಇದನ್ನೇ.

ನಮ್ಮಲ್ಲಿ ಅಡ್‌ಹಾಕ್ ಖಜಾನೆ ಹುಂಡಿ (ಸರಕಾರದ ಅಲ್ಪಾವಧಿ ಸಾಲಪತ್ರ) ಎಂಬುದಿತ್ತು. ಕೇಂದ್ರದ ಖಾತೆಯಲ್ಲಿ ಹಣ ಕಡಿಮೆಯಾದರೆ ರಿಸರ್ವ್ ಬ್ಯಾಂಕ್ ತಾನಾಗಿಯೇ ಹುಂಡಿ ಪಡೆದು ತುಂಬಿಕೊಡುತ್ತಿತ್ತು. ಕೊರತೆಯಾದಷ್ಟೂ ಹೊಸ ಹಣ. ಒಪ್ಪಂದದ ಮೂಲಕ 1997ರ ಏಪ್ರಿಲ್‌ನಲ್ಲಿ ಇದು ನಿಂತು, ಮಿತಿಯುಳ್ಳ ತಾತ್ಕಾಲಿಕ ಮುಂಗಡ ಬಂತು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಿಂದಾಗಿ 2006ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಸರಕಾರದ ಹೊಸ ಸಾಲಪತ್ರವನ್ನು ನೇರ ಕೊಳ್ಳುವುದೂ ನಿಂತಿತು. 2016ರಲ್ಲಿ ಆರು ಮಂದಿಯ ಹಣಕಾಸು ನೀತಿ ಸಮಿತಿ ಬಂತು: ಹಣದುಬ್ಬರದ ಗುರಿ ಶೇ. 4, ಆಚೀಚೆ ಎರಡರ ಸಡಿಲ. ಸತತ ಮೂರು ತ್ರೈಮಾಸಿಕ ಆ ಸಡಿಲದ ಗೆರೆಯನ್ನೂ ದಾಟಿದರೆ ಯಾಕೆ ಎಂದು ಸರಕಾರಕ್ಕೆ ಬರೆದುಕೊಡಬೇಕು. 2022ರಲ್ಲಿ ಹಾಗೆ ಬರೆದುಕೊಡಬೇಕಾಯಿತು. ಆ ವರದಿಯನ್ನು ಆಗ ಬಹಿರಂಗ ಮಾಡಲಿಲ್ಲ, ಅದು ನಮಗೆ ಸರಿಕಾಣಲಿಲ್ಲ. ಕಾರ್ಕಳದ ವ್ಯಾಪಾರಿಯ ಪಿಗ್ಮಿ ಪುಸ್ತಕವನ್ನಾದರೆ ಮನೆಯವರೆಲ್ಲ ತೆರೆದು ನೋಡಬಹುದು.

ಪ್ರಶ್ನೆ: ಜೂನ್, ಜುಲೈಯಲ್ಲಿ ಬೋಟು ಕಟ್ಟಿಹಾಕುತ್ತೇವೆ. ಮೀನು ನಮ್ಮದು, ಕಾಯಬೇಕೋ ಬೇಡವೋ ನಾವೇ ನೋಡಿಕೊಳ್ಳಬಾರದಾ?
— ಬೋಟು ಮಾಲಕರು, ಮಲ್ಪೆ

ಉತ್ತರ: ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲಿ ಹಾಕಿದ ಲೆಕ್ಕ ಕೇಳಿ. ಮೀನಿನ ಸಂತತಿ ವರ್ಷಕ್ಕೆ ಬೆಳೆಯುವ ದರಕ್ಕಿಂತ ಮಾಲಕನ ಕಾಲದ ಆದ್ಯತೆ ಸಾಕಷ್ಟು ಹೆಚ್ಚಿದ್ದರೆ, ಇಡೀ ಕಡಲು ಒಬ್ಬನದೇ ಆದರೂ ಎಲ್ಲವನ್ನೂ ಹಿಡಿದು ಮಾರಿ ಹಣ ಬಡ್ಡಿಗೆ ಬಿಡುವುದೇ ಅವನಿಗೆ ಲಾಭ. ನಿಧಾನ ಬೆಳೆಯುವ ನೀಲಿ ತಿಮಿಂಗಿಲ ಅವನ ಉದಾಹರಣೆ. ಬೂತಾಯಿ, ಬಂಗುಡೆ ಬೇಗ ಬೆಳೆಯುತ್ತವೆ, ನಿಜ. ಆದರೆ ಮಲ್ಪೆಯ ಕಡಲಿಗೆ ಮಾಲಕ ಒಬ್ಬನಲ್ಲ. ನೀವು ಬಿಟ್ಟ ಮರಿ ಇನ್ನೊಂದು ಬೋಟಿನ ಬಲೆಗೆ ಬೀಳುವುದು ಖಾತ್ರಿ ಇರುವಾಗ, ಎಷ್ಟೇ ತಾಳ್ಮೆಯವರಿಗೂ ಕಾಯುವುದರಿಂದ ಸಿಗುವುದು ಸೊನ್ನೆ. 61 ದಿನ ಎಲ್ಲ ಯಾಂತ್ರಿಕ ಬೋಟುಗಳನ್ನೂ ಒಟ್ಟಿಗೆ ದಕ್ಕೆಯಲ್ಲಿ ಕಟ್ಟಿಸುವುದು ಇದಕ್ಕೇ. ಎಂಜಿನ್ ರಿಪೇರಿ, ಬಲೆ ಹೆಣೆಯುವ ಖರ್ಚು ಬರುವುದೂ ಆ ಎರಡು ತಿಂಗಳಲ್ಲೇ ಆದ್ದರಿಂದ, ಅದಕ್ಕೆ ಬೇಕಾದ ಹಣವನ್ನು ಫೆಬ್ರವರಿಯಿಂದಲೇ ಪ್ರತಿ ಟ್ರಿಪ್‌ನಲ್ಲಿ ಇಷ್ಟೆಂದು ಬೇರೆ ಖಾತೆಗೆ ಹಾಕಿ. ಮೇ ಕೊನೆಯಲ್ಲಿ ಕೈಸಾಲಕ್ಕೆ ಹೊರಟರೆ ಸಿಗುವುದು ಸುರತ್ಕಲ್ಲಿನ ಚೀಟಿಯ ದರಕ್ಕೇ.